ಸಾಹೇಬರು ಬೈಕ್ ತಗೊಳ್ತಾರಂತೆ

ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರ್ ಸಾಹೇಬರೊಬ್ಬರು ಮೈಸೂರಿನ ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ. ಪಿಂಚಣಿ ಬರುತ್ತದೆ, ಮಗ ಹೊರದೇಶದಲ್ಲಿದ್ದಾನೆ, ಶುಗರ್ ಹತೋಟಿಯಲ್ಲಿದೆ, ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಇಂಥವರಿಗೆ ಒಂದು ಬೆಳಗ್ಗೆ ವಾಕಿಂಗ್ ಮುಗಿಸಿ ಕಾಫಿ ಕುಡಿಯುವಾಗ ಕರ್ನಾಟಕ ಸುತ್ತುವ ಮನಸ್ಸಾಗುತ್ತದೆ. ಕಾರಿನಲ್ಲಲ್ಲ, ಬೈಕಿನಲ್ಲಿ. ಒಬ್ಬರೇ.

"ನಮಗೇನ್ರೀ ಬೈಕ್ ಹೊಸದಾ? ಯೆಜ್ಡಿ ಓಡಿಸಿದ ಕೈ ಇದು!" ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು, ಈ ಊರಿನ ಅರವತ್ತು ದಾಟಿದ ಗಂಡಸರ ಬಾಯಲ್ಲಿ ಮಾತ್ರ ಉತ್ಪಾದನೆ ನಿಂತಿಲ್ಲ. ಒಂದೇ ಲಿವರ್ ಕಿಕ್ಕೂ ಆಗಿ ಗೇರೂ ಆಗುತ್ತಿದ್ದ ಚಮತ್ಕಾರವನ್ನು ಸಾಹೇಬರು ಕಾಲಾಡಿಸಿ ತೋರಿಸುತ್ತಾರೆ. ಆ ಗಾಡಿ ಭಾವಮೈದುನನದು, ಇವರು ಹಿಂದೆ ಕೂರುತ್ತಿದ್ದರು ಎಂಬುದು ಒಳಗಿನಿಂದ ಕಾಫಿ ತಂದವರ ತಿದ್ದುಪಡಿ.

ಮೊದಲ ಭೇಟಿ ಬುಲೆಟ್ ಶೋರೂಮಿಗೇ. ಗಾಡಿಯ ತೂಕ 195 ಕೆಜಿ. ಸಾಹೇಬರು ಕಾಲು ಹಾಕಿ ಕೂತರು, ಸ್ಟ್ಯಾಂಡ್ ತೆಗೆದರು, ಗಾಡಿ ಎಡಕ್ಕೆ ವಾಲಿತು, ಇಬ್ಬರು ಹುಡುಗರು ಓಡಿಬಂದರು. "ನಿಮ್ಮ ನೆಲ ಇಳಿಜಾರಾಗಿದೆಯಲ್ಲಪ್ಪಾ" ಎಂದು ಇಳಿದವರು ಅಂದಿನಿಂದ ಹಗುರ ಗಾಡಿಯ ಪಕ್ಷ ಸೇರಿದರು.

ಆಮೇಲೆ ಲೆಡ್ಜರ್ ತೆರೆಯಿತು. ಎಲ್ಲರೂ ಕೇಳುವ ಮೈಲೇಜಿಗೆ ಅದರಲ್ಲಿ ಕಾಲಂ ಇಲ್ಲ. ತೂಕ, ಸೀಟಿನ ಎತ್ತರ, 'ಬಿದ್ದರೆ ಎತ್ತುವವರು ಯಾರು' — ಇಷ್ಟೇ. ಹಂಟರ್ 350ಕ್ಕೆ 181 ಕೆಜಿ, "ಹದಿನಾಲ್ಕು ಕೆಜಿ ರಿಯಾಯಿತಿ, ಸಾಲದು." ಎಕ್ಸ್‌ಪಲ್ಸ್ 200 ಹಗುರವೇ, ಆದರೆ ಸೀಟು 825 ಮಿಲಿಮೀಟರ್ ಎತ್ತರದಲ್ಲಿ. ಹತ್ತಿದ್ದು ಸ್ವಪ್ರಯತ್ನದಿಂದ, ಇಳಿದದ್ದು ಸೆಕ್ಯುರಿಟಿಯವನ ಹೆಗಲ ಮೇಲೆ ಕೈಯಿಟ್ಟು.

ಕೊನೆಗೆ ಲೆಕ್ಕ ಬಂದು ನಿಂತದ್ದು ಸ್ಪ್ಲೆಂಡರ್ ಮುಂದೆ: 97.2 ಸಿಸಿ, 112 ಕೆಜಿ. ಸಾಹೇಬರ ಮುಖ ಬಾಡಿತು. ಹಾಲಿನವನದೂ ಅದೇ, ಮೀಟರ್ ನೋಡಲು ಬರುವವನದೂ ಅದೇ. ಬುಲೆಟ್ಟಾದರೆ ಬೀದಿ ತಿರುಗಿ ನೋಡುತ್ತದೆ. ಇದು ಬಂದರೆ ಪಕ್ಕದ ಮನೆಯವರು ಪಾತ್ರೆ ಹಿಡಿದು ಬರುತ್ತಾರೆ.

ನನ್ನನ್ನು ಕೇಳಿದರೆ ಲೆಡ್ಜರ್ ಹೇಳಿದ್ದೇ ಸರಿ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಯಾರ ಬುಲೆಟ್ಟೂ ಹಾರಿಹೋಗುವುದಿಲ್ಲ. ಮಳೆಗಾಲದ ಕೆಸರಿನಿಂದ ಗಾಡಿಯನ್ನು ಹಿಂದಕ್ಕೆಳೆಯುವಾಗ ಬೇಕಾದದ್ದು ಸಿಸಿ ಅಲ್ಲ, ಸೊಂಟ. ಸ್ಪ್ಲೆಂಡರ್ ಕೆಟ್ಟರೆ ಯಾವ ಹೋಬಳಿಯ ಮೆಕ್ಯಾನಿಕ್ಕಾದರೂ ಬೀಡಿ ಆರಿಸದೆಯೇ ರಿಪೇರಿ ಮಾಡಿ ಕಳಿಸುತ್ತಾನೆ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚಿ ಬೆಳಗ್ಗೆ ಆರಕ್ಕೆ ತೆರೆಯುತ್ತದೆ; ಸಾಹೇಬರ ನಿದ್ದೆಯ ವೇಳೆಯೂ ಹೆಚ್ಚುಕಡಿಮೆ ಅದೇ.

ಲೈಸೆನ್ಸಿನದೂ ಒಂದು ಕೆಲಸವಿತ್ತು. ಈ ವಯಸ್ಸಿನಲ್ಲಿ ಅದು ಸಿಗುವುದು ಐದೈದು ವರ್ಷಕ್ಕೆ, ಡಾಕ್ಟರ ಸರ್ಟಿಫಿಕೇಟಿನ ಮೇಲೆ. ಕಂಡವರ ಸಾಲಕ್ಕೆಲ್ಲ ಜಾಮೀನು ಕೇಳಿದ ಮನುಷ್ಯ, ಈಗ ತಮ್ಮ ಕಣ್ಣಿಗೇ ಜಾಮೀನು ಹುಡುಕಿದರು.

ಊಟದ ಹೊತ್ತಿಗೆ ಮನೆಯಲ್ಲಿ ಲೆಕ್ಕ ಮಂಡಿಸಿದರು: "ನೋಡು, ಬುಲೆಟ್ಟಿಗಿಂತ ಎಂಬತ್ಮೂರು ಕೆಜಿ ಕಮ್ಮಿ."

ಮಜ್ಜಿಗೆ ಬಡಿಸುತ್ತಿದ್ದವರು ಸೌಟು ನಿಲ್ಲಿಸಿ ಹೇಳಿದರು: "ಸರಿಹೋಯ್ತು ಬಿಡಿ. ನಾನು ಎಪ್ಪತ್ತೊಂದು. ನಾನು ಕೂತ ಮೇಲೂ ಹನ್ನೆರಡು ಉಳಿಯುತ್ತೆ, ಬ್ಯಾಗಿಗೆ."

ಸಾಹೇಬರೀಗ ಎರಡನೇ ಹೆಲ್ಮೆಟ್ಟಿನ ತೂಕ ವಿಚಾರಿಸುತ್ತಿದ್ದಾರೆ.