ದೊಡ್ಡ ಮಾಣಿ

ಶಿರಸಿ, ಸಿದ್ದಾಪುರದ ಅಡಿಕೆ ಸೀಮೆಯ ಹವ್ಯಕರ ಮನೆಗಳಲ್ಲಿ ಗಂಡುಹುಡುಗನಿಗೆ ಮಾಣಿ ಎನ್ನುತ್ತಾರೆ, ಹುಡುಗಿಗೆ ಕೂಸು. ಮಾಣಿ ಎಂಬ ಪದವಿ ಹುಟ್ಟಿದ ದಿನವೇ ಸಿಗುತ್ತದೆ. ಅದರಿಂದ ನಿವೃತ್ತಿ ಕೊಡುವುದು ಮಾತ್ರ ವಯಸ್ಸಲ್ಲ, ಮದುವೆ. ಹಾಗಾಗಿ ನಾನು ಹೇಳಹೊರಟ ಮಾಣಿಗೆ ಈಗ 43 ವರ್ಷ.

ನೆತ್ತಿ ಬಯಲಾಗಿದೆ, ಪಂಚಾಂಗ ನೋಡಲು ಕನ್ನಡಕ ಬೇಕು, ರಾತ್ರಿ ಬಿಪಿ ಮಾತ್ರೆ ತಪ್ಪುವಂತಿಲ್ಲ. ಆದರೂ ಯಾರಾದರೂ ಅಂಗಳದಲ್ಲಿ ನಿಂತು "ಮಾಣಿ ಮನೇಲಿದ್ನನೋ?" ಎಂದರೆ ಒಳಗಿನಿಂದ ಅವನ ಆಯಿ, ಅಂದರೆ ಅಮ್ಮ, "ಮಾಣಿ ತ್ವಾಟಕ್ಕೆ ಹೋಜ" ಎನ್ನುತ್ತಾಳೆ. ಅವನ ನಿಜವಾದ ಹೆಸರು ಪಡಿತರ ಚೀಟಿಗೆ ಗೊತ್ತು, ಜಾತಕಕ್ಕೆ ಗೊತ್ತು. ಜಾತಕದ ಝೆರಾಕ್ಸ್ ಪ್ರತಿ ಮೂರು ಜಿಲ್ಲೆಗಳಲ್ಲಿ ತಿರುಗಾಡಿ ಬಂದಿರುವುದರಿಂದ ಈಚೆಗೆ ಊರಾಚೆಯವರಿಗೂ ಗೊತ್ತು.

ತೋಟದಲ್ಲಿ ಅವನನ್ನು ಮೀರಿಸುವವರಿಲ್ಲ. ಕೊಳೆರೋಗಕ್ಕೆ ಬೋರ್ಡೋ ಮದ್ದು ಕೂಡಿಸುವಾಗ 100 ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ ಎಂಬ ಲೆಕ್ಕ ಅವನಿಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ. ಕೊನೆ ಕೊಯ್ಯುವ ಕೊನೆಗೌಡ ಕೈಕೊಟ್ಟರೆ ಫೈಬರ್ ದೋಟಿ ಹಿಡಿದು ತಾನೇ ಕೊನೆ ಇಳಿಸುತ್ತಾನೆ. ಆದರೆ ಈ ಸಲ ಅಡಿಕೆಯನ್ನು ಒಣಗಿಸಿ ಚಾಲಿ ಮಾಡುವುದೋ ಬೇಯಿಸಿ ಕೆಂಪಡಿಕೆಯೋ ಎಂಬ ಮಾತು ಬಂತೋ, ಜಗುಲಿಯಲ್ಲಿ ಕವಳ ಮೆಲ್ಲುತ್ತಿರುವ ಅಪ್ಪಯ್ಯ ಒಂದೇ ಏಟಿಗೆ ಮುಗಿಸುತ್ತಾರೆ: "ಅವಂಗೆ ಎಂತ ಗೊತ್ತಾಗ್ತು, ಮಾಣಿ ಅಂವ."

ಬೆಂಗಳೂರಿನ ಕಂಪ್ಯೂಟರ್ ಕೆಲಸದ ತಮ್ಮ 27ಕ್ಕೇ ಮದುವೆಯಾದ. ಅಡಿಕೆ ಮರವನ್ನೂ ತೆಂಗಿನ ಮರವನ್ನೂ ಗುರುತಿಸಬಲ್ಲ, ಅಷ್ಟೇ. ಅವನು ಊರಿಗೆ ಬಂದರೆ ಮಾತ್ರ "ಹೆಗಡೆಯವರು ಬಂದ್ರು" ಎಂದು ಕುರ್ಚಿ ಹಾಕುತ್ತಾರೆ, ಧಾರಣೆಯ ಬಗ್ಗೆ ಅಭಿಪ್ರಾಯ ಕೇಳುತ್ತಾರೆ. ಅವನ ಮಕ್ಕಳು ನಮ್ಮವನನ್ನು ಕರೆಯುವುದು ಮಾಣಿ ದೊಡ್ಡಪ್ಪ ಎಂದು.

ಆಯಿಯ ಷರತ್ತುಗಳೂ ವರ್ಷದಿಂದ ವರ್ಷಕ್ಕೆ ಸಣಕಲಾಗಿವೆ. ಮೊದಮೊದಲು ಕೂಸು ಬೆಳ್ಳಗಿರಬೇಕು, ಹಾಡಬೇಕು, ನಮ್ಮ ಸೀಮೆಯದೇ ಆಗಬೇಕು ಎಂದಿತ್ತು. ಆಮೇಲೆ ಹಾಡು ಹೋಯಿತು, ಬಣ್ಣ ಹೋಯಿತು, ಸೀಮೆಯೂ ಹೋಯಿತು. ಈಗ ಉಳಿದಿರುವುದು ಗೋತ್ರವೊಂದೇ. ಕೂಸುಗಳ ಕಡೆಯ ಷರತ್ತು ಮಾತ್ರ ಅಂದಿನಿಂದ ಇಂದಿನವರೆಗೆ ಒಂದೇ: ಮಾಣಿ ಬೆಂಗಳೂರಲ್ಲಿರಬೇಕು. ತೋಟವನ್ನು ಬೆಂಗಳೂರಿಗೆ ಒಯ್ಯುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ. ಒಮ್ಮೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದ ಮೈಸೂರಿನ ಹೆಂಗಸಿಗೆ ಆಯಿ ವಿಶ್ವಾಸದಿಂದ "ನಮ್ಮ ಮಾಣಿಗೆ ಒಂದು ಕೂಸು ನೋಡ್ತಾ ಇದ್ಯ" ಎಂದಳು. ಪಕ್ಕದಲ್ಲೇ ಕೂತಿದ್ದ ಬಕ್ಕತಲೆಯ ಮಾಣಿಯನ್ನೊಮ್ಮೆ ನೋಡಿದ ಆ ಹೆಂಗಸು ತನ್ನ ತೊಡೆಯ ಮೇಲಿದ್ದ ಮೊಮ್ಮಗಳನ್ನು ಕಿಟಕಿಯ ಕಡೆಗೆ ಸರಿಸಿಕೊಂಡಳಂತೆ.

ಕಳೆದ ಬೇಸಿಗೆಯಲ್ಲಿ ತಮ್ಮನ ಮಗನ ಉಪನಯನ. ಪುರೋಹಿತರು "ಮಾಣಿ ಬರಲಿ" ಎಂದು ಕೂಗಿದರು. ಎಂಟು ವರ್ಷದವನು ಒಂದು ಬಾಗಿಲಿಂದ ಬಂದ, 43ರವನು ಇನ್ನೊಂದು ಬಾಗಿಲಿಂದ. ಭಟ್ಟರು ತೊಡಕು ಬಿಡಿಸಿದರು: "ಸಣ್ಣ ಮಾಣಿ ಕೂತ್ಕ, ದೊಡ್ಡ ಮಾಣಿ ಬಾಳೆ ಹಾಕು."

ಹಾಕಿದ. ಸೊಂಟಕ್ಕೆ ಪಂಚೆ ಬಿಗಿದು ಪಾಯಸವನ್ನೂ ಬಡಿಸಿದ. ಉಡುಪಿ ಹೋಟೆಲುಗಳಲ್ಲಿ ತಿಂಡಿ ತಂದುಕೊಡುವವನು ಅರವತ್ತಾದರೂ ಮಾಣಿಯೇ ತಾನೆ? ಆ ಅಭ್ಯಾಸದಲ್ಲಿ, ತಮ್ಮನ ಸ್ನೇಹಿತರೆಂದು ಬಂದಿದ್ದ ಬೆಂಗಳೂರಿನ ಯಜಮಾನರೊಬ್ಬರು ಪಂಕ್ತಿಯ ನಡುವಿನಿಂದ ಕೈಯೆತ್ತಿ, "ಮಾಣೀ, ಇಲ್ಲಿ ಇನ್ನೊಂದು ಸೌಟು" ಎಂದರು. ಮನೆಯವರೆಲ್ಲ ಗಪ್ಪಾದರು. ನಮ್ಮವನಿಗೆ ಏನೂ ಅನ್ನಿಸಿದಂತಿರಲಿಲ್ಲ. ಒಂದಲ್ಲ, ಎರಡು ಸೌಟು ಸುರಿದ. ಅಷ್ಟರಲ್ಲಿ ಆಯಿ ತುಪ್ಪದ ಗಿಂಡಿಯೊಡನೆ ಅಲ್ಲಿಗೆ ಧಾವಿಸಿ, ಯಜಮಾನರ ಪಕ್ಕದಲ್ಲಿ ಕೂತಿದ್ದ ಅವರ ಮಗಳ ಎಲೆಗೆ ಧಾರಾಳವಾಗಿ ತುಪ್ಪ ಬಿಟ್ಟು, "ನಿಮ್ಮದು ಯಾವ ಗೋತ್ರ?" ಎಂದು ಕೇಳಿದಳು.