ದೋಸೆ ಹಿಟ್ಟಿನ ಹಿಂದಿನ ಬಾಟ್ಲಿ

ಜಯನಗರದಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದರೆ ಬಯಾಪ್ಸಿ ವರದಿಗಿಂತ ಮೊದಲು ಔಷಧಿ ಮನೆಗೆ ಬರುತ್ತದೆ. ನಮ್ಮ ಎದುರು ಮನೆಯ ನಿವೃತ್ತ ಮೇಷ್ಟ್ರು ಮೊದಲ ಕೀಮೋ ಮುಗಿಸಿ ಬರುವಷ್ಟರಲ್ಲಿ ಲಾಲ್‌ಬಾಗ್ ವಾಕಿಂಗ್ ಗೆಳೆಯರ ಗೋಧಿಹುಲ್ಲಿನ ರಸ, ಷಡ್ಡಕರ ಲಕ್ಷ್ಮಣ ಫಲ, ಜೆ.ಪಿ. ನಗರದ ನಾದಿನಿಯ ಅಮೃತಬಳ್ಳಿ ಕಷಾಯ ಹಾಜರಿದ್ದವು. ಬಿಟಿಎಂ ಲೇಔಟಿನ ಸೋದರಳಿಯ ಚೀನಾದ ಅಣಬೆ ಕ್ಯಾಪ್ಸೂಲ್ ತಂದ. 'ಚೀನಾ ಮಾಲು ಬಹಿಷ್ಕರಿಸಿ' ಅಂತ ದಿನಾ ಸ್ಟೇಟಸ್ ಹಾಕುವ ಹುಡುಗ. ಕೇಳಿದರೆ, 'ಅದು ಮಾಲು, ಇದು ಪ್ರಕೃತಿ ಸಾರ್' ಎಂದ.

ಜತೆಗೆ ಸಾಗರ ತಾಲೂಕಿನ ನರಸೀಪುರದ ಮರದ ಚಕ್ಕೆ ಮದ್ದು. ವೈದ್ಯ ನಾರಾಯಣಮೂರ್ತಿಯವರು 2020ರಲ್ಲಿ ತೀರಿಕೊಳ್ಳುವವರೆಗೂ ಗುರುವಾರ, ಭಾನುವಾರ ಅಲ್ಲಿ ನೆರೆಯುತ್ತಿದ್ದ ಸಾಲು ನಾಡಿಗೇ ಗೊತ್ತು. ಆ ಸಾಲಿನಲ್ಲಿ ನಿಂತವರನ್ನು ನೋಡಿ ನಗಲಾರೆ. ಕಂಗಾಲಾದವರು ಎಲ್ಲಿಗಾದರೂ ಹೋಗುತ್ತಾರೆ. ಮೇಷ್ಟ್ರ ಹೆಂಡತಿ ಬನಶಂಕರಿ ಗುಡಿಯಲ್ಲಿ ನಿಂಬೆಹಣ್ಣಿನ ದೀಪವನ್ನೂ ಹಚ್ಚಿದರು. ಅದರಿಂದ ಲಿವರಿಗೆ ಏನೂ ಆಗದ್ದರಿಂದ ನನ್ನ ತಕರಾರಿಲ್ಲ.

ಈ ಎಲ್ಲ ಔಷಧಿಗೂ ಅನುಪಾನ ಮಾತ್ರ ಒಂದೇ: 'ಡಾಕ್ಟರಿಗೆ ಹೇಳಬೇಡಿ.'

ಹಾಗಾಗಿ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಹಿಂದೆ ಒಂದು ಹಾರ್ಲಿಕ್ಸ್ ಬಾಟ್ಲಿ, ಒಳಗೆ ಕೆಸರುಬಣ್ಣದ ಕಷಾಯ, ಮುಚ್ಚಳದ ಮೇಲೆ ಮೇಷ್ಟ್ರ ಮುತ್ತಿನಂಥ ಅಕ್ಷರ: 'ಬೆಳಿಗ್ಗೆ, ಬರಿಹೊಟ್ಟೆಗೆ'. ಆಸ್ಪತ್ರೆಯ ಫೈಲಿನಲ್ಲಿ ಹೈಸ್ಕೂಲಿನಲ್ಲಿ ಬಂದಿದ್ದ ಕಾಮಾಲೆಯೂ ಇದೆ, ಇದೊಂದಿಲ್ಲ. ನಾಲ್ಕನೇ ಕೀಮೋ ಹೊತ್ತಿಗೆ ಲಿವರ್ ಟೆಸ್ಟ್ ಏರಿ ಕುಳಿತಿತು, ಕೀಮೋ ಮುಂದಕ್ಕೆ ಹೋಯಿತು. 'ಬೇರೇನಾದರೂ ತಗೋತಿದ್ದೀರಾ?' ಅಂದರು ಡಾಕ್ಟರು. 'ಇಲ್ಲವಲ್ಲ' ಎಂದರು, ಸರ್ವೀಸು ಪೂರ್ತಿ ಸತ್ಯಹರಿಶ್ಚಂದ್ರನ ಪಾಠ ಮಾಡಿದ ಮೇಷ್ಟ್ರು.

ಅಮೃತಬಳ್ಳಿ ಸೇವಿಸಿದವರ ಲಿವರ್ ಕೆಟ್ಟ ಪ್ರಕರಣಗಳನ್ನು ಮುಂಬಯಿ ವೈದ್ಯರು 2021ರಲ್ಲೇ ವರದಿ ಮಾಡಿದ್ದಾರೆ. ನಾದಿನಿಗೆ ಹೇಳಿದೆ. 'ಗಿಡಮೂಲಿಕೆ ಕಣ್ರೀ, ಸೈಡ್ ಎಫೆಕ್ಟೇ ಇಲ್ಲ, ಎಲ್ಲಾ ಕೀಮೋದ್ದೇ ಉಷ್ಣ' ಎಂದರು. ತಾಯೀ, ಕೀಮೋದ ವಿನ್‌ಕ್ರಿಸ್ಟಿನ್ ಹುಟ್ಟಿದ್ದು ನಿಮ್ಮ ಕಾಂಪೌಂಡಿನ ಕಾಶಿಕಣಗಿಲೆಯಲ್ಲಿ. ಪ್ಯಾಕ್ಲಿಟ್ಯಾಕ್ಸೆಲ್ ಸಿಕ್ಕಿದ್ದು ಅಮೆರಿಕದ ಯೂ ಮರದ ತೊಗಟೆಯಲ್ಲಿ. ಮೇಷ್ಟ್ರ ತಲೆ ಬೋಳಿಸಿದ್ದೂ ಚಕ್ಕೆಯೇ! ಚೀನಾದ ಹಾರ್ಬಿನ್ ನಗರದ ವೈದ್ಯರಂತೂ 1970ರ ದಶಕದಲ್ಲಿ ನಾಟಿ ಮದ್ದಿನ ಪಾಷಾಣವನ್ನೇ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಕೊಟ್ಟು ನೋಡಿದರು. ಇವತ್ತು ಜಗತ್ತೆಲ್ಲ ಅದನ್ನು ಬಳಸುತ್ತದೆ. ಅವರು ಮಿಲಿಗ್ರಾಮಿನಲ್ಲಿ ತೂಗಿದರು. ನಮ್ಮ ಅಳತೆ ಅರ್ಧ ಲೋಟ, ಹೆಚ್ಚಾದರೂ ಒಳ್ಳೇದೇ.

ಕ್ಯಾನ್ಸರ್ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ಷಡ್ಡಕರಿಗೆ ಅದು ಅನ್ವಯಿಸುವುದಿಲ್ಲ.

ಕೊನೆಗೆ ಮೇಷ್ಟ್ರ ಹೆಂಡತಿ ಬಾಟ್ಲಿಯನ್ನೇ ಒಯ್ದು ಡಾಕ್ಟರ ಮೇಜಿನ ಮೇಲಿಟ್ಟರು. ಅವರು ಬೈಯಲಿಲ್ಲ, ಮುಚ್ಚಳ ಓದಿ, ಫೈಲಿನಲ್ಲಿ ಬರೆದುಕೊಂಡರು. ನಿಮ್ಮ ಫ್ರಿಜ್ಜಿನಲ್ಲೂ ಅಂಥದ್ದೊಂದು ಇದ್ದರೆ, ನಾಳೆ ಫೈಲಿನ ಜತೆ ಬ್ಯಾಗಿಗೆ ಹಾಕಿಕೊಳ್ಳಿ.