ಪುಟ್ಟ ಪದಗಳ ಪುಂಡಾಟ

ಇಂಗ್ಲಿಷಿನ ಉದ್ದುದ್ದ ಪದಗಳಿಗೆ ಹೆದರುವವರನ್ನು ಕಂಡರೆ ನನಗೆ ನಗು. ಅವು, ಪಾಪ, ಡಿಕ್ಷನರಿ ಹೇಳಿದಂತೆ ಕೇಳಿಕೊಂಡು ಬಿದ್ದಿರುತ್ತವೆ. ‘ರೆಸ್ಪಾನ್ಸಿಬಿಲಿಟಿ’ ಲಂಡನ್ನಿನಲ್ಲೂ ಅದೇ, ಲೀಡ್ಸಿನಲ್ಲೂ ಅದೇ. ಕಿತಾಪತಿಯೆಲ್ಲ ಒಂದೇ ಉಸಿರಿಗೆ ಮುಗಿದುಹೋಗುವ ಚೋಟುದ್ದದ ಪದಗಳದ್ದು.

‘ಟೀ’ಯನ್ನೇ ತಗೊಳ್ಳಿ. ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಸಂಜೆ ಟೀಗೆ ಬನ್ನಿ ಅಂದರೆ ಊಟಕ್ಕೇ ಬನ್ನಿ ಅಂತ. ಹೊಸದಾಗಿ ಹೋದ ನಮ್ಮವರು ‘ಒಂದು ಲೋಟ ಚಹಾ ತಾನೇ’ ಎಂದು ಮನೆಯಲ್ಲೇ ಅನ್ನ ಸಾರು ಬಾರಿಸಿ ಹೊರಟರೋ, ಕೆಟ್ಟರು! ಆಲೂಗಡ್ಡೆ, ಬಟಾಣಿ, ಪೈ ಎಲ್ಲ ಮೇಜಿನ ಮೇಲೆ ಕಾದು ಕೂತಿರುತ್ತವೆ. ಹಾಗಾದರೆ ‘ಡಿನ್ನರ್’? ಅದು ಮಧ್ಯಾಹ್ನವೇ ಮುಗಿಯಿತಲ್ಲ ಸ್ವಾಮಿ!

ಯಾರ್ಕ್‌ಶೈರಿನ ‘ವೈಲ್’ ಇನ್ನೂ ಖದೀಮ. ಮಿಕ್ಕವರಿಗೆ ಅದು ‘ಆಗುತ್ತಿರುವಾಗ’, ಅಲ್ಲಿನವರ ಬಾಯಲ್ಲಿ ‘ಆಗುವ ತನಕ’. ಒಂಬತ್ತರಿಂದ ಐದರ ತನಕ ಡ್ಯೂಟಿ ಅನ್ನುವುದಕ್ಕೆ ‘ನೈನ್ ವೈಲ್ ಫೈವ್’ ಅನ್ನುತ್ತಾರೆ. ಅಲ್ಲೊಂದು ರೈಲ್ವೆ ಗೇಟಿನಲ್ಲಿ ‘ವೇಟ್ ವೈಲ್ ಲೈಟ್ಸ್ ಫ್ಲ್ಯಾಶ್’ ಎಂದು ಬೋರ್ಡು ಹಾಕಿದ್ದರಂತೆ. ಊರಿನವನೊಬ್ಬ ದೀಪ ಮಿನುಗುವ ತನಕ ಸಾವಧಾನವಾಗಿ ಕಾದು, ಮಿನುಗಿದ ಕೂಡಲೇ ಹಳಿ ದಾಟಿದನಂತೆ. ಕಥೆ ನಿಜವೋ ಸುಳ್ಳೋ, ಅವನ ವ್ಯಾಕರಣ ಮಾತ್ರ ಸರಿಯಾಗಿದೆ.

ಇಂಥ ಪುಂಡರನ್ನೆಲ್ಲ ಹಿಡಿದು ಆರು ಸಂಪುಟಗಳಲ್ಲಿ ಕೂಡಿಹಾಕಿದವರು ಜೋಸೆಫ್ ರೈಟ್. 1898ರಿಂದ 1905ರವರೆಗೆ ಹೊರಬಂದ ಇಂಗ್ಲಿಷ್ ಉಪಭಾಷಾ ನಿಘಂಟು ಅವರದು. ಯಾರ್ಕ್‌ಶೈರಿನವರೇ. ಎಳವೆಯಲ್ಲೇ ಗಿರಣಿಗೆ ಸೇರಿ, ಹದಿಹರೆಯದಲ್ಲಿ ಓದು ಕಲಿತು, ಆಮೇಲೆ ಆಕ್ಸ್‌ಫರ್ಡಿನ ಪ್ರೊಫೆಸರಾದರು. ಹೊತ್ತಿಗೆ ಸರಿಯಾಗಿ ಶಾಲೆಗೆ ಹೋಗಿದ್ದರೆ ಮೇಷ್ಟ್ರು ಆ ಪದಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿರುತ್ತಿದ್ದರು ಅಂತ ನನ್ನ ಗುಮಾನಿ.

ಇದಕ್ಕೆಲ್ಲ ಚೆನ್ನಾಗಿ ಸಿಕ್ಕಿಬೀಳುವವರು ಅಲ್ಲಿಗೆ ಹೋದ ನಮ್ಮ ಡಾಕ್ಟರುಗಳು. ಲ್ಯಾಟಿನ್ ಹೆಸರಿನ ಕಾಯಿಲೆಗಳೆಲ್ಲ ಬಾಯಿಪಾಠ. ಎದುರಿಗೆ ಕೂತ ಹಳ್ಳಿಯ ಅಜ್ಜಿ ‘ಸ್ಟಾರ್ವ್ಡ್’ ಅಂದರೆ ಮಾತ್ರ ತಬ್ಬಿಬ್ಬು. ಹಸಿವಲ್ಲ ಡಾಕ್ಟ್ರೇ, ಅಜ್ಜಿಗೆ ಚಳಿ. ಬಿಸ್ಕತ್ತು ಬೇಡ, ಕಂಬಳಿ ಹೊದಿಸಿ. ಡ್ಯೂಟಿ ಮುಗಿಸಿ ಡರ್ಬಿಯಲ್ಲಿ ಬಸ್ ಹತ್ತಿದರೆ ಡ್ರೈವರು ಅಷ್ಟು ದೊಡ್ಡ ಸರ್ಜನ್ನರನ್ನು ‘ಡಕ್’ ಅಂದುಬಿಡುತ್ತಾನೆ. ಬೈಗುಳವಲ್ಲ, ಅಕ್ಕರೆ. ಅಲ್ಲಿಂದ ಗ್ಲಾಸ್ಗೋಗೆ ವರ್ಗವಾಯಿತೆನ್ನಿ, ಅಂಗಡಿಯವನು ಅವರ ಹೆಂಡತಿಯನ್ನು ‘ಹೆನ್’ ಅಂತ ಕರೆಯುತ್ತಾನೆ. ಎಫ್‌ಆರ್‌ಸಿಎಸ್ ಮುಗಿಸಿ, ಸಾಲ ಮಾಡಿ ಮನೆ ಕೊಂಡು ನೋಡಿದರೆ, ಒಳಗಿರುವುದು ಒಂದು ಬಾತು, ಒಂದು ಕೋಳಿ!